ಕಡಲ ನಡುವೆಯೂ ಉಸಿರಿಗೆ ಬರ

ಮೀನು ನೀರಿನಲ್ಲೇ ಇರುತ್ತದೆ, ನೀರಿನ ಅಣುವಿನಲ್ಲಿ ಆಮ್ಲಜನಕ ಇದ್ದೇ ಇದೆ, ಹಾಗಿರುವಾಗ ಮೀನಿಗೆ ಉಸಿರಿನ ಕೊರತೆ ಹೇಗೆ ಬರುತ್ತದೆ? ಈ ಪ್ರಶ್ನೆಯನ್ನು ನಾನು ವಿಜ್ಞಾನ ಓದಿದವರ ಬಾಯಲ್ಲೇ ಹೆಚ್ಚಾಗಿ ಕೇಳಿದ್ದೇನೆ. ನೀರಿನ ಅಣುವನ್ನು ಒಡೆದು ಆಮ್ಲಜನಕವನ್ನು ಬಿಡಿಸಿಕೊಳ್ಳುವ ಶಕ್ತಿ ಜಗತ್ತಿನ ಯಾವ ಮೀನಿಗೂ ಇಲ್ಲ. ಆ ಕೆಲಸ ಬಿಸಿಲಿನ ಬಲ ಪಡೆದ ಹಸಿರು ಸಸ್ಯಗಳದ್ದು, ಪಾಚಿಗಳದ್ದು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು, ಅಂದರೆ ಗಾಳಿಯಿಂದ ಇಳಿದುಬಂದ ಅಥವಾ ಪಾಚಿಗಳು ಬಿಟ್ಟ ಅನಿಲವನ್ನು. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಪಂಜರದಲ್ಲಿ ಮೀನು ಸಾಕುವ ಕಡೆ ತಂತ್ರಜ್ಞ ದಿನವಿಡೀ ಏನು ಮಾಡುತ್ತಾನೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಆ ಅನಿಲ ಎಷ್ಟು ಕಡಿಮೆ ಇರುತ್ತದೆ ನೋಡಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರು ಎಷ್ಟೇ ಚೆನ್ನಾಗಿ ಗಾಳಿಯಾಡಿದರೂ ಹಿಡಿದುಕೊಳ್ಳುವುದು ಸುಮಾರು 9 ಮಿಲಿಗ್ರಾಂ ಮಾತ್ರ. ಉಪ್ಪುನೀರು ಅದಕ್ಕಿಂತಲೂ ಕಡಿಮೆ ಹಿಡಿಯುತ್ತದೆ. ಒಂದು ಗ್ರಾಂ ಆಮ್ಲಜನಕ ಬೇಕೆಂದರೆ ನಮಗೆ ನಾಲ್ಕು ಲೀಟರಿಗೂ ಕಡಿಮೆ ಗಾಳಿ ಸಾಕು, ಅದರ ತೂಕ ನಾಲ್ಕೈದು ಗ್ರಾಂ ಅಷ್ಟೆ. ಅಷ್ಟನ್ನೇ ನೀರಿನಿಂದ ತೆಗೆಯಬೇಕಾದ ಮೀನು, ಒಂದಿಷ್ಟೂ ಪೋಲು ಮಾಡದೆ ಹೀರಿಕೊಂಡರೂ, 110 ಕಿಲೋಗ್ರಾಂ ನೀರನ್ನು ಕಿವಿರಿನ ಮೂಲಕ ಹಾಯಿಸಬೇಕು. ಸಾಲದ್ದಕ್ಕೆ ನೀರಿನೊಳಗೆ ಆಮ್ಲಜನಕ ಹರಡಿಕೊಳ್ಳುವ ವೇಗ ಗಾಳಿಯಲ್ಲಿರುವುದರ ಹತ್ತು ಸಾವಿರದ ಒಂದಂಶದಷ್ಟು.

ಇಷ್ಟು ಬಡ ಮಾಧ್ಯಮದಲ್ಲಿ ಇಷ್ಟು ಚುರುಕಾದ ಪ್ರಾಣಿ ಬದುಕಿದ್ದಾದರೂ ಹೇಗೆ? ಇದಕ್ಕೆ ಉತ್ತರವಾಗಿ ಬರುವ ವ್ಯವಸ್ಥೆಯನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಕಿವಿರಿನ ಪ್ರತಿ ಎಳೆಯ ಮೇಲೂ ಸಾಲುಸಾಲಾಗಿ ಸಣ್ಣ ಪದರಗಳಿವೆ. ಅವುಗಳ ಒಳಗೆ ರಕ್ತ, ಹೊರಗೆ ನೀರು. ನಡುವಿನ ಗೋಡೆ ಮಿಲಿಮೀಟರಿನ ಕೆಲವೇ ಸಾವಿರದ ಅಂಶದಷ್ಟು ತೆಳು. ಆದರೆ ಗುಟ್ಟು ಇರುವುದು ಗೋಡೆಯಲ್ಲಲ್ಲ, ಹರಿವಿನ ದಿಕ್ಕಿನಲ್ಲಿ. ನೀರೂ ರಕ್ತವೂ ಒಂದೇ ದಿಕ್ಕಿಗೆ ಜೊತೆಯಾಗಿ ಹರಿದವು ಎಂದುಕೊಳ್ಳಿ. ನೀರಿನಲ್ಲಿ 100 ಪಾಲು ಆಮ್ಲಜನಕ ಇದೆ, ರಕ್ತದಲ್ಲಿ ಏನೂ ಇಲ್ಲ. ಸ್ವಲ್ಪ ದೂರ ಸಾಗುವಷ್ಟರಲ್ಲಿ ಇಲ್ಲಿ 70, ಅಲ್ಲಿ 30. ಇನ್ನೂ ಸ್ವಲ್ಪ ಮುಂದೆ ಎರಡರಲ್ಲೂ 50. ಅಲ್ಲಿಗೆ ವ್ಯತ್ಯಾಸ ಮುಗಿಯಿತು, ವರ್ಗಾವಣೆಯೂ ನಿಂತಿತು. ಉಳಿದ ಅರ್ಧ ನೀರಿನೊಂದಿಗೇ ಹೊರಗೆ ಹೋಯಿತು.

ಈಗ ರಕ್ತವನ್ನು ಎದುರು ದಿಕ್ಕಿಗೆ ತಿರುಗಿಸಿ. ಆಗತಾನೇ ಒಳಬಂದ 100 ಪಾಲಿನ ನೀರಿಗೆ ಎದುರಾಗುವುದು ಅದಾಗಲೇ 85 ಪಾಲು ತುಂಬಿಕೊಂಡು ಹೊರಡುತ್ತಿರುವ ರಕ್ತ. ಆದರೂ ನೀರಿನದೇ ಮೇಲುಗೈ, ಆದ್ದರಿಂದ ಆಮ್ಲಜನಕ ಇನ್ನೂ ರಕ್ತದ ಕಡೆಗೇ ಸಾಗುತ್ತದೆ. ಇನ್ನೊಂದು ತುದಿಯಲ್ಲಿ ಬರಿದಾಗಿ 20 ಪಾಲಿಗೆ ಇಳಿದ ನೀರಿಗೆ ಎದುರಾಗುವುದು ಆಗಷ್ಟೇ ಬಂದ, 5 ಪಾಲು ಮಾತ್ರ ಇರುವ ರಕ್ತ. ಅಲ್ಲಿಯೂ ನೀರು ಕೊಡುತ್ತದೆ, ರಕ್ತ ಪಡೆಯುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದು ಕಡೆಯೂ ಸಮಸಮ ಆಗುವುದಿಲ್ಲ, ಆದ್ದರಿಂದ ಒಂದು ಕಡೆಯೂ ಕೆಲಸ ನಿಲ್ಲುವುದಿಲ್ಲ. ಚುರುಕಾದ ಮೀನುಗಳು ಕಿವಿರಿಗೆ ಬಂದ ಆಮ್ಲಜನಕದಲ್ಲಿ ಶೇಕಡಾ 80ರವರೆಗೆ ಹೀರಿಕೊಳ್ಳಬಲ್ಲವು. ನಮ್ಮ ಶ್ವಾಸಕೋಶ ವಿಶ್ರಾಂತಿಯಲ್ಲಿರುವಾಗ ಎಳೆದುಕೊಂಡ ಆಮ್ಲಜನಕದ ಸುಮಾರು ಕಾಲು ಭಾಗವನ್ನಷ್ಟೇ ಬಳಸುತ್ತದೆ. ಇದು ಬರೀ ಕಾಗದದ ಲೆಕ್ಕವಲ್ಲ. 1952ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಟೆಂಚ್ ಎಂಬ ಮೀನಿನ ಕಿವಿರಿನ ಮೇಲೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ನೋಡಿದರು. ಅರ್ಧದಷ್ಟಿದ್ದ ಹೀರಿಕೆ ಹತ್ತನೇ ಒಂದಂಶದ ಆಸುಪಾಸಿಗೆ ಕುಸಿಯಿತು.

ಹಾಗಾದರೆ ಗಾಳಿಯಲ್ಲಿ ಮೂವತ್ತು ಪಟ್ಟು ಆಮ್ಲಜನಕವಿದ್ದರೂ ದಡಕ್ಕೆ ಎಳೆದ ಮೀನು ಯಾಕೆ ಸಾಯುತ್ತದೆ? ನೀರಿನ ಆಸರೆ ತಪ್ಪಿದೊಡನೆ ಆ ಪದರಗಳು ನೆನೆದ ಪುಸ್ತಕದ ಹಾಳೆಗಳಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಉಸಿರಾಟದ ಮೇಲ್ಮೈ ಬಹುಪಾಲು ಮುಚ್ಚಿಹೋಗುತ್ತದೆ.

ಇನ್ನು ಪಂಜರಕ್ಕೆ ಬರೋಣ. ಜೀವಂತ ಮೀನನ್ನು ಪಂಜರದಲ್ಲಿ ಇಟ್ಟುಕೊಳ್ಳುವ ಪದ್ಧತಿ ಹಳೆಯದು. ಕಾಂಬೋಡಿಯಾದ ಮಹಾಸರೋವರದಲ್ಲಿ 19ನೇ ಶತಮಾನದ ಕೊನೆಗೆ ಬೆಸ್ತರು ಹಿಡಿದ ಮೀನನ್ನು ಮಾರುವವರೆಗೆ ಬಿದಿರಿನ ಪಂಜರಗಳಲ್ಲಿ ಇಟ್ಟು ಮೇಯಿಸುತ್ತಿದ್ದರು. ಇಂದಿನ ಸಾಲ್ಮನ್ ಉದ್ಯಮ ಬೆಳೆದದ್ದು ನಾರ್ವೆಯ ಹಿತ್ರಾ ದ್ವೀಪದಲ್ಲಿ 1970ರಲ್ಲಿ ಗ್ರೋಂಟ್ವೆಟ್ ಸೋದರರು ಎಂಟು ಮೂಲೆಯ ತೇಲುವ ಪಂಜರದೊಳಗೆ ಮರಿಗಳನ್ನು ಬಿಟ್ಟು ಯಶಸ್ವಿಯಾದ ಮೇಲೆ. ಈಗ ಅದೇ ದೇಶದಲ್ಲಿ ಒಂದು ಪಂಜರದಲ್ಲಿ ಎರಡು ಲಕ್ಷ ಮೀನುಗಳವರೆಗೆ ಇಡಬಹುದು. ಒಂದು ಘನ ಮೀಟರ್ ನೀರಿಗೆ 25 ಕಿಲೋಗ್ರಾಂ ಮೀನು ಎಂಬ ಮಿತಿಯೂ ಇದೆ.

ಈ 25 ಕಿಲೋಗ್ರಾಂ ಅನ್ನು ಹಿಡಿದುಕೊಂಡು ಒಂದು ಲೆಕ್ಕ ಹಾಕೋಣ. ಒಂದು ಕಿಲೋಗ್ರಾಂ ಸಾಲ್ಮನ್ ಗಂಟೆಗೆ ಸುಮಾರು 200 ಮಿಲಿಗ್ರಾಂ ಆಮ್ಲಜನಕ ಬಳಸುತ್ತದೆ ಎಂದಿಟ್ಟುಕೊಂಡರೆ, ಒಂದು ಘನ ಮೀಟರಿನಲ್ಲಿರುವ ಮೀನಿಗೆ ಗಂಟೆಗೆ 5,000 ಮಿಲಿಗ್ರಾಂ ಬೇಕು. 10 ಡಿಗ್ರಿಯ ಕಡಲ ನೀರಿನ ಅಷ್ಟೇ ಗಾತ್ರದಲ್ಲಿ ಇರುವುದು ಹೆಚ್ಚುಕಡಿಮೆ 9,000 ಮಿಲಿಗ್ರಾಂ. ನೀರು ಅಲುಗಾಡದೆ ಒಂದೇ ಗಂಟೆ ನಿಂತರೆ ಲೀಟರಿಗೆ 9 ಮಿಲಿಗ್ರಾಂ ಇದ್ದದ್ದು 4ಕ್ಕೆ ಇಳಿಯುತ್ತದೆ. ಸಾಲ್ಮನ್‌ಗೆ ಅದು ನಿಜವಾದ ಸಂಕಟ. ಸುತ್ತ ಕಣ್ಣು ಹಾಯುವಷ್ಟು ದೂರ ಕಡಲಿದ್ದರೂ ಪಂಜರದೊಳಗಿನ ಮೀನಿನ ಬದುಕು ನಿಂತಿರುವುದು ಬಲೆಯ ಕಣ್ಣುಗಳ ಮೂಲಕ ನುಗ್ಗಿ ಬರುವ ನೀರಿನ ಮೇಲೆ.

ಬಲೆ ತೊಳೆಯುವುದು ಬರೀ ಸ್ವಚ್ಛತೆಯ ಕೆಲಸ ಎಂದು ತಿಳಿದವರಿಗೆ ಈ ಲೆಕ್ಕ ತೋರಿಸಬೇಕು. ನೀರಿಗಿಳಿಸಿದ ಹೊಸ ಬಲೆಯ ದಾರದ ಮೇಲೆ ಮೊದಲು ಲೋಳೆ, ಆಮೇಲೆ ಪಾಚಿ, ಆಮೇಲೆ ಮೃದ್ವಂಗಿಗಳ ಮರಿಗಳು ಬಂದು ಕೂರುತ್ತವೆ. ಬೆರಳು ತೂರುತ್ತಿದ್ದ ಕಣ್ಣು ಕಿರಿದಾಗುತ್ತಾ ಹೋಗುತ್ತದೆ. ಹರಿವು ತಗ್ಗುತ್ತದೆ, ಅಂಟಿಕೊಂಡ ಆ ಜೀವಿಗಳೂ ಇದೇ ಆಮ್ಲಜನಕಕ್ಕೆ ಪಾಲುದಾರರಾಗುತ್ತವೆ. ಸತ್ತ ಮೀನನ್ನು ದಿನವೂ ತಳದಿಂದ ಎತ್ತುವುದು ರೋಗ ಹರಡದಿರಲಿ ಎಂದು. ಅದರ ಜೊತೆಗೆ ಕೊಳೆಯುವಿಕೆ ನುಂಗುವ ಆಮ್ಲಜನಕವೂ ಉಳಿಯುತ್ತದೆ.

ಹೀಗಾಗಿ ಅಳೆಯುವುದು ಕಸುಬಿನ ಹೃದಯ. ಕರಗಿದ ಆಮ್ಲಜನಕವನ್ನು ಅಳೆಯುವ ದಾರಿಯನ್ನು 1888ರಲ್ಲಿ ತೋರಿಸಿದವನು ಹಂಗೆರಿಯ ರಸಾಯನತಜ್ಞ ಲಾಯೋಷ್ ವಿಂಕ್ಲರ್. ಗುಳ್ಳೆ ಒಂದೂ ಉಳಿಯದಂತೆ ಸೀಸೆ ತುಂಬಿಸಿ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರ ಬೆರೆಸಿದ ಅಯೋಡೈಡ್ ಹಾಕಿ ಅಲುಗಿಸಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಕೂರುತ್ತದೆ, ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಆಮ್ಲ ಸುರಿದರೆ ಗಷ್ಟು ಕರಗಿ ಹೊನ್ನಿನ ಬಣ್ಣದ ದ್ರವವಾಗುತ್ತದೆ. ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹಳದಿ ಮಾಸಿದಾಗ ಪಿಷ್ಟ ಬೆರೆಸಿದರೆ ಸೀಸೆ ಕಡುನೀಲಿ. ಮತ್ತೆ ಕೆಲವು ಹನಿ, ನೀಲಿ ಮಾಯ. ಎಷ್ಟು ಹನಿ ಹಿಡಿಯಿತೋ ಅಷ್ಟು ಆಮ್ಲಜನಕ. ಇಷ್ಟು ಸೊಗಸಾದ ವಿಧಾನವನ್ನು ಪ್ರತಿ ವಿದ್ಯಾರ್ಥಿಯೂ ಕೈಯಾರೆ ಮಾಡಬೇಕೆಂಬುದು ನನ್ನ ಆಸೆ. 1950ರ ದಶಕದಲ್ಲಿ ಲೆಲಂಡ್ ಕ್ಲಾರ್ಕ್ ರೂಪಿಸಿದ ವಿದ್ಯುದ್ವಾರ ಈ ಕೆಲಸವನ್ನು ಹಗ್ಗದ ತುದಿಗೆ ತಂದಿತು. ಆದರೆ ಅದು ಅಳೆಯುತ್ತಲೇ ಆಮ್ಲಜನಕವನ್ನು ತಿನ್ನುತ್ತದೆ, ನಿಂತ ನೀರಿನಲ್ಲಿ ಆಡಿಸದೆ ಬಿಟ್ಟರೆ ಸುಳ್ಳು ಹೇಳುತ್ತದೆ. ಈಗಿನ ಮೀಟರ್‌ಗಳಲ್ಲಿ ಬೆಳಕು ಹೊಮ್ಮಿಸುವ ಒಂದು ವರ್ಣದ್ರವ್ಯವಿದೆ. ಆಮ್ಲಜನಕದ ಅಣು ತಾಗಿದಷ್ಟೂ ಆ ಬೆಳಕು ಬೇಗ ಆರುತ್ತದೆ. ಆರುವ ವೇಗವೇ ಅಳತೆ. ಅದಕ್ಕೂ ಲೋಳೆ ಕಟ್ಟುತ್ತದೆ. ನುರಿತ ತಂತ್ರಜ್ಞ ಮೊದಲು ತುದಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಗಾಳಿಯಲ್ಲಿ ಒಮ್ಮೆ ಸರಿನೋಡಿ, ಆಮೇಲೆ ಮೀಟರ್ ಮೀಟರಾಗಿ ಆಳಕ್ಕೆ ಇಳಿಸುತ್ತಾನೆ. ಮೇಲ್ಮೈಯ ಒಂದೇ ಅಂಕಿ ನಂಬಿ ಕೂರುವವನು ಪಂಜರದ ಅರ್ಧವನ್ನು ನೋಡಿಯೇ ಇಲ್ಲ.

ಕೆರೆ, ಜಲಾಶಯಗಳಲ್ಲಿ ಅಳೆಯಲೇಬೇಕಾದ ಹೊತ್ತು ಬೆಳಗಾಗುವ ಮುಂಚಿನದು. ಹಗಲೆಲ್ಲ ಆಮ್ಲಜನಕ ಬಿಡುವ ಪಾಚಿ ರಾತ್ರಿಯಲ್ಲಿ ಅದನ್ನು ಬಳಸುತ್ತದೆ. ಮೀನೂ ತಳದ ಬ್ಯಾಕ್ಟೀರಿಯಾಗಳೂ ಬಳಸುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೆ ಅಂಕಿ ತಳ ಕಂಡಿರುತ್ತದೆ. ಮೋಡ ಮುಸುಕಿದ ದಿನಗಳು ಒಂದರ ಹಿಂದೊಂದು ಬಂದರೆ ಹಗಲಿನ ಜಮೆಯೂ ಕಡಿಮೆ. ಇದಕ್ಕಿಂತ ಘೋರವಾದದ್ದು ಪದರ ಮಗುಚುವುದು. ಬೆಚ್ಚನೆಯ ಮೇಲ್ಪದರದ ಕೆಳಗೆ ತಿಂಗಳುಗಟ್ಟಲೆ ಗಾಳಿ ಕಾಣದ ತಣ್ಣನೆಯ ನೀರು ಬಿದ್ದಿರುತ್ತದೆ, ಅದರಲ್ಲಿ ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್ ಸೇರಿರುತ್ತದೆ. ಜೋರು ಗಾಳಿ, ತಣ್ಣನೆಯ ಮಳೆ ಮೇಲ್ಪದರವನ್ನು ತಣಿಸಿದಾಗ ಎರಡೂ ಬೆರೆತು ಒಂದೇ ರಾತ್ರಿಯಲ್ಲಿ ಪಂಜರಗಳೆಲ್ಲ ಬೆಳ್ಳಗಾಗುತ್ತವೆ. ಇಂಡೋನೇಷ್ಯಾದ ಮನಿಂಜೌ, ಫಿಲಿಪ್ಪೀನ್ಸ್‌ನ ತಾಲ್ ಸರೋವರಗಳಲ್ಲಿ ಪಂಜರದ ಮೀನು ಹೀಗೆ ರಾಶಿರಾಶಿಯಾಗಿ ಸತ್ತದ್ದಿದೆ.

ಇಂಥ ಬೆಳಗಿನಲ್ಲಿ ಮೊದಲು ಹುಟ್ಟುವುದು ವದಂತಿ. ಯಾರೋ ವಿಷ ಹಾಕಿದರು ಎನ್ನುತ್ತಾರೆ, ಜಲದೇವತೆ ಮುನಿದಳು ಎನ್ನುತ್ತಾರೆ, ಗ್ರಹಚಾರ ಎನ್ನುತ್ತಾರೆ. ನೆರೆಯವನ ಮೇಲೆ ಹಗೆ ಬೆಳೆಯುತ್ತದೆ, ಶಾಂತಿಗೆ ಹಣ ಖರ್ಚಾಗುತ್ತದೆ, ಮುಂದಿನ ವರ್ಷವೂ ಅದೇ ಜಾಗದಲ್ಲಿ ಅಷ್ಟೇ ಮೀನು ತುಂಬುತ್ತಾರೆ. ಇದನ್ನು ಕಂಡು ಸುಮ್ಮನಿರುವುದು ನನ್ನಿಂದಾಗದು. ಕೆಲವು ದಿನ ಮೊದಲೇ ಆಳದ ಅಂಕಿಗಳನ್ನು ಬರೆದಿಟ್ಟಿದ್ದರೆ ಆಮ್ಲಜನಕವಿಲ್ಲದ ನೀರು ಎಷ್ಟು ಮೇಲಕ್ಕೆ ಬಂದಿದೆ ಎಂಬುದು ಕಾಗದದ ಮೇಲೆಯೇ ಕಾಣುತ್ತಿತ್ತು. ಚಂದ್ರನ ಪಾತ್ರ ಕಡಲಲ್ಲಿ ಖಂಡಿತ ಇದೆ, ಆದರೆ ಅದು ಬೇರೆ ಬಗೆಯದು. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ಕಡಿಮೆ, ನೀರಿನ ಸೆಳೆತ ಮಂದ, ಆದ್ದರಿಂದ ಪಂಜರದೊಳಗೆ ಹೊಸ ನೀರು ಬರುವುದೂ ನಿಧಾನ. ಆ ದಿನಗಳನ್ನು ವರ್ಷಕ್ಕೆ ಮೊದಲೇ ಗುರುತು ಹಾಕಿಕೊಳ್ಳಬಹುದು.

ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಡಿಯುವುದನ್ನು ಕಂಡು ಹಸಿದಿವೆ ಎಂದು ಆಹಾರ ಎರಚುವವರಿದ್ದಾರೆ. ಅವು ಗಾಳಿಗೆ ತಾಗಿದ ತೆಳು ಪದರದ ನೀರನ್ನು ಹುಡುಕಿಕೊಂಡು ಬಂದಿರುತ್ತವೆ. ಹೊಟ್ಟೆಗೆ ಬಿದ್ದ ಆಹಾರವನ್ನು ಜೀರ್ಣಿಸಲು ಗಂಟೆಗಟ್ಟಲೆ ಹೆಚ್ಚಿನ ಆಮ್ಲಜನಕ ಬೇಕು. ಇಲ್ಲದ ಹೊತ್ತಿನಲ್ಲಿ ಮೇಯಿಸುವುದು ಕೊಲ್ಲುವುದಕ್ಕೆ ಸಮ. ಅಂಕಿ ಕೆಳಗಿರುವಾಗ ಆಹಾರ ನಿಲ್ಲಿಸುವುದು ತಂತ್ರಜ್ಞನ ಕೈಯಲ್ಲಿರುವ ಅತ್ಯಂತ ಅಗ್ಗದ ಮದ್ದು. ಗಾಳಿ ಊದುವ ಯಂತ್ರವೂ ಇದೆ, ಸಣ್ಣ ಗುಳ್ಳೆಯಾದಷ್ಟೂ ಅದರ ಪ್ರಯೋಜನ ಹೆಚ್ಚು. ಆದರೆ ಪದರ ಕಟ್ಟಿದ ಕೆರೆಯಲ್ಲಿ ಅದನ್ನು ತಳಕ್ಕಿಳಿಸಿ ಚಾಲೂ ಮಾಡಿದರೆ ಕೆಟ್ಟ ನೀರನ್ನು ನಾವೇ ಮೇಲೆತ್ತಿದಂತೆ.

ನೀರು ಬಿಸಿಯಾದಂತೆ ಇಕ್ಕಳ ಎರಡೂ ಕಡೆಯಿಂದ ಬಿಗಿಯುತ್ತದೆ. ಸಿಹಿನೀರು 10 ಡಿಗ್ರಿಯಲ್ಲಿ ಲೀಟರಿಗೆ 11.3 ಮಿಲಿಗ್ರಾಂ ಹಿಡಿದರೆ 20ರಲ್ಲಿ 9.1 ಮಾತ್ರ, ಅದೇ ಹತ್ತು ಡಿಗ್ರಿಯ ಏರಿಕೆಗೆ ಮೀನಿನ ಬೇಡಿಕೆ ಸುಮಾರು ಇಮ್ಮಡಿಯಾಗುತ್ತದೆ. ಬೇಸಿಗೆಯ ಕೊನೆಗೆ ಮೀನು ಬೆಳೆದು ಪಂಜರವೂ ಭಾರವಾಗಿರುತ್ತದೆ. ಅರ್ಧ ಮೀನನ್ನು ಬೇರೆ ಪಂಜರಕ್ಕೆ ದಾಟಿಸುವುದೋ, ಬೇಗ ಹಿಡಿದು ಮಾರುವುದೋ ಎಂಬುದನ್ನು ನೀರು ಇನ್ನೂ ತಂಪಾಗಿರುವಾಗಲೇ ತೀರ್ಮಾನಿಸಿ ಮುಗಿಸಬೇಕು. ಅಂಕಿ ಬಿದ್ದ ಮೇಲೆ ಬಲೆ ಎಳೆದರೆ ಮೀನು ಗಾಬರಿಯಿಂದ ಒದ್ದಾಡುತ್ತದೆ, ಆ ಒದ್ದಾಟಕ್ಕೆ ಬೇಕಾದ ಆಮ್ಲಜನಕ ಆಗ ಪಂಜರದಲ್ಲಿ ಇರುವುದಿಲ್ಲ.