ಹಿಮಾಲಯದ ಭಂಗಿ ಗಿಡ ಮತ್ತು ಶೇ 0.3ರ ಗೆರೆ

ನಾರು, ಬೀಜಕ್ಕಾಗಿ ಭಂಗಿ ಬೆಳೆಯಲು ಉತ್ತರಾಖಂಡ ಸರ್ಕಾರ 2018ರಲ್ಲಿ ಪರವಾನಗಿ ಕೊಡಲಾರಂಭಿಸಿತು. ಅಮಲೇರಿಸುವ ಟಿಎಚ್‌ಸಿ ಶೇ 0.3 ಮೀರಕೂಡದು ಎಂಬುದು ಷರತ್ತು. ಅಲ್ಲಿನ ಗುಡ್ಡಗಳಲ್ಲಿ ತಲೆಮಾರುಗಳಿಂದ ಬೆಳೆದು ಬಂದ ನಾಟಿ ಗಿಡಗಳು ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ನಪಾಸಾಗುತ್ತವೆ!

ಕುಮಾವೂಂ, ಗಢವಾಲ್ ರೈತರಿಗೆ ಬೇಕಿದ್ದುದು ಅಮಲಿಗಿಂತ ನಾರು ಮತ್ತು ಬೀಜ. ಒತ್ತಾಗಿ ಬಿತ್ತಿದರೆ ಗಿಡ ಬೆಳಕಿಗಾಗಿ ಆಳೆತ್ತರ ಮೀರಿ ನೇರ ಏರುತ್ತದೆ. ಕವಲು ಕಡಿಮೆ, ಗೆಣ್ಣುಗಳ ನಡುವಿನ ಅಂತರ ಹೆಚ್ಚು. ಕೊಯ್ದ ಕಾಂಡವನ್ನು ನೀರಿನಲ್ಲಿ ನೆನೆಸಿಟ್ಟು ಸುಲಿದರೆ ನಾರು ಉದ್ದಕ್ಕೆ ಕಿತ್ತು ಬರುತ್ತದೆ. ಹಗ್ಗ, ಚೀಲ, ಒರಟು ಬಟ್ಟೆಗೆ ಅದೇ ಮೂಲ. ಬೀಜವನ್ನು ಹುರಿದು, ನಿಂಬೆರಸ ಹಿಂಡಿ ಅರೆದರೆ ಚಟ್ನಿ.

ಅಫ್ಘಾನಿಸ್ತಾನದ ಹಿಂದೂಕುಷ್ ಪರ್ವತಗಳ ಗಿಡದ ಮೈಕಟ್ಟೇ ಬೇರೆ. ಕುಳ್ಳು, ಅಗಲ ಎಲೆ, ಒತ್ತೊತ್ತಾದ ಗೆಣ್ಣು, ಚಳಿ ಕಚ್ಚುವ ಮೊದಲೇ ಬಲಿಯುವ ಗಟ್ಟಿ ಹೂಗೊಂಚಲು. ಚರಸ್‌ಗಾಗಿ ಆರಿಸಿಕೊಂಡು ಬಂದ ತಳಿ ಅದು. 1970ರ ದಶಕದಲ್ಲಿ ಅದರ ಬೀಜ ಕ್ಯಾಲಿಫೋರ್ನಿಯಾ ಸೇರಿ, ಉಷ್ಣವಲಯದ ನೀಳ ತಳಿಗಳೊಂದಿಗೆ ಬೆರೆಯಿತು. ಕೋಣೆಯೊಳಗೆ ಬೆಳೆಯಲು ಕುಳ್ಳು ದೇಹ ಮತ್ತು ಬೇಗ ಹೂಬಿಡುವ ಗುಣ ಹೇಳಿ ಮಾಡಿಸಿದಂತಿದ್ದವು. ಜಗತ್ತಿನ ಅಮಲು ಮಾರುಕಟ್ಟೆಯಲ್ಲಿ ಅಫ್ಘನ್ ರಕ್ತ ಇಷ್ಟು ಹರಡಲು ಇದೇ ಕಾರಣ. ನಾರಿನ ಗಿಡಕ್ಕೆ ಅಂಥ ಗಿರಾಕಿ ಸಿಗಲಿಲ್ಲ.

ಇನ್ನು ಆ 0.3. ಕೆನಡಾದ ಸಸ್ಯವಿಜ್ಞಾನಿ ಅರ್ನೆಸ್ಟ್ ಸ್ಮಾಲ್, ಆರ್ಥರ್ ಕ್ರಾಂಕ್ವಿಸ್ಟ್ ಜೊತೆ 1976ರಲ್ಲಿ ಗಿಡವನ್ನು ನಾರಿನದು, ಅಮಲಿನದು ಎಂದು ವರ್ಗೀಕರಿಸುವಾಗ ಎಳೆದ ಗೆರೆ ಅದು. ಎಲ್ಲೋ ಒಂದು ಕಡೆ ಎಳೆಯಲೇಬೇಕಿತ್ತು, ಎಳೆದರು. ಮುಂದೆ ಹಲವು ದೇಶಗಳ ಕಾನೂನು ಅದನ್ನೇ ಎತ್ತಿಕೊಂಡಿತು. ನಮ್ಮ 1985ರ ಮಾದಕವಸ್ತು ಕಾಯ್ದೆಯಲ್ಲಿ ಈ ಅಂಕಿ ಇಲ್ಲ. ಅದರ 14ನೇ ಸೆಕ್ಷನ್ ನಾರು, ಬೀಜಕ್ಕಾಗಿ ಬೆಳೆಯಲು ಅನುಮತಿ ಕೊಡುವ ಅಧಿಕಾರವನ್ನಷ್ಟೇ ಸರ್ಕಾರಕ್ಕೆ ನೀಡುತ್ತದೆ.

ಟಿಎಚ್‌ಸಿ ಕಡಿಮೆ ಇರುವ ಹೊರಗಿನ ಬೀಜ ತಂದರಾಯಿತು ಎನ್ನುವುದು ಸುಲಭದ ಮಾತು. ಭಂಗಿ ಹೂಬಿಡುವುದು ಹಗಲಿನ ಉದ್ದ ನೋಡಿಕೊಂಡು. ಉತ್ತರ ಯುರೋಪಿನ ದೀರ್ಘ ಹಗಲಿಗೆ ಒಗ್ಗಿದ ತಳಿ ಹಿಮಾಲಯದ ಅಕ್ಷಾಂಶದಲ್ಲಿ ಎತ್ತರವಾಗುವ ಮೊದಲೇ ಹೂಬಿಡುತ್ತದೆ, ನಾರು ಕೈಗೆ ಹತ್ತುವುದಿಲ್ಲ. ಹಾಗಾಗಿ ನಾಟಿ ಗಿಡದ ದೇಹ ಉಳಿಸಿಕೊಂಡು ರಸಾಯನವನ್ನು ಮಾತ್ರ ಬದಲಿಸುವ ದಾರಿಯೇ ನನಗೆ ಸರಿ ಕಾಣುತ್ತದೆ. ಟಿಎಚ್‌ಸಿ ಮತ್ತು ಅಮಲೇರಿಸದ ಸಿಬಿಡಿ ಎಂಬ ರಾಸಾಯನಿಕಗಳಲ್ಲಿ ಯಾವುದು ಮೇಲುಗೈ ಎಂಬುದನ್ನು ಬಹುಮಟ್ಟಿಗೆ ಜೀನೋಮಿನ ಒಂದೇ ಭಾಗ ತೀರ್ಮಾನಿಸುವುದರಿಂದ ಇದು ಆಗದ ಕೆಲಸವೇನಲ್ಲ. ತೊಡಕಿರುವುದು ಗಾಳಿಯಲ್ಲಿ. ಪರಾಗ ಬಹುದೂರ ಹಾರುತ್ತದೆ. ಕಣಿವೆಯ ತುಂಬ ಕಾಡುಭಂಗಿ ಇರುವಲ್ಲಿ ಬೀಜದ ತಾಕನ್ನು ಶುದ್ಧವಾಗಿಡಲು ಸುತ್ತಲಿನ ಗಂಡು ಗಿಡಗಳನ್ನು ಪ್ರತಿ ವರ್ಷ ಕಿತ್ತೆಸೆಯಬೇಕು. ಆ ಕೂಲಿಯ ಲೆಕ್ಕ ಪರವಾನಗಿಯ ಕಾಗದದಲ್ಲಿ ಇರುವುದಿಲ್ಲ.