ಪ್ಯಾನೆಲ್ ಹಿಂದಿನ ಬಿಸಿ ಮತ್ತು ಫ್ಯಾನಿನ ಲೆಕ್ಕ

ಅಮೆರಿಕದಲ್ಲಿ ಗ್ಯಾರೇಜಿನೊಳಗೇ ಆರ್‌ವಿ ಮಾದರಿಯ (ಬಿಡಿಭಾಗಗಳ ಕಿಟ್ ತಂದು ಜೋಡಿಸುವ) ಪುಟ್ಟ ವಿಮಾನ ಕಟ್ಟುವವರು ರೇಡಿಯೋ ಜೋಡಣೆಗೆಂದು ನನ್ನ ಬಳಿ ಬಂದಾಗ, ಉಪಕರಣಗಳ ಪ್ಯಾನೆಲ್ ಹಿಂದೆ ರೇಡಿಯೋಗಳನ್ನು ತಂಪಾಗಿಡುವ ಫ್ಯಾನು ಎಷ್ಟು ದೊಡ್ಡದಿರಬೇಕು ಎಂದು ಕೇಳುತ್ತಾರೆ. ಒಳಗೆ ಬಂದ ಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ನಾನು ತಿರುಗಿ ಕೇಳಿದರೆ ಬಹುಮಟ್ಟಿಗೆ ಉತ್ತರ ಬರುವುದಿಲ್ಲ. ಗಾಜಿನ ಮೇಲ್ಛಾವಣಿಯ ಕೆಳಗೆ, ಪ್ಯಾನೆಲ್ ಮೇಲೆ ಹಾಸಿದ, ಬಿಸಿಲು ಬೀಳುವ ಕಪ್ಪು ಹಲಗೆಯ ಅಡಿಯಲ್ಲಿ, ಒಂದರ ಮೇಲೊಂದು ಪೇರಿಸಿದ ರೇಡಿಯೋ ಪೆಟ್ಟಿಗೆಗಳ ಸುತ್ತ ಬಿಸಿಗಾಳಿ ನಿಂತೇ ಇದ್ದರೆ, ಫ್ಯಾನು ಅದೇ ಗಾಳಿಯನ್ನು ಮತ್ತೆ ಮತ್ತೆ ಕಲಕುತ್ತದೆ, ಅಷ್ಟೆ. ಆದ್ದರಿಂದ ಹಲಗೆಯ ಮೇಲ್ಭಾಗದಲ್ಲಿ, ವಿಂಡ್‌ಶೀಲ್ಡಿನ ಬುಡದ ಬಳಿ ಒಂದು ರಂಧ್ರ ಮೊದಲು ಬೇಕು. ಅದು ಗಾಜಿನ ಮಂಜನ್ನೂ ಒರೆಸುತ್ತದೆ.

ಇನ್ನು ಲೆಕ್ಕ. ರೇಡಿಯೋ ಹೀರುವ ವಿದ್ಯುತ್ತಿನಲ್ಲಿ ಆಂಟೆನಾದಿಂದ ಹೊರಹೋಗುವುದು ಸ್ವಲ್ಪವೇ, ಉಳಿದದ್ದೆಲ್ಲ ಬಿಸಿ. ನೆಲದ ರೇಡಾರಿಗೆ ವಿಮಾನದ ಗುರುತು ತಿಳಿಸುವ ಟ್ರಾನ್ಸ್‌ಪಾಂಡರಿನ ಮೇಲೆ ಬರೆದ ಇನ್ನೂರು ಚಿಲ್ಲರೆ ವ್ಯಾಟ್ ನೋಡಿ ಗಾಬರಿಯಾಗಬೇಕಿಲ್ಲ. ಅದು ಮೈಕ್ರೋಸೆಕೆಂಡುಗಳ ಮಿಡಿತದ ಶಕ್ತಿ, ಸರಾಸರಿ ಬಹಳ ಕಡಿಮೆ. ಎಲ್ಲ ಪೆಟ್ಟಿಗೆಗಳೂ ಸೇರಿ 60 ವ್ಯಾಟ್ ಬಿಸಿ ಕೊಡುತ್ತವೆ ಎಂದುಕೊಳ್ಳೋಣ. ಗಾಳಿಯ ತಾಪ 10 ಡಿಗ್ರಿಗಿಂತ ಹೆಚ್ಚು ಏರಬಾರದೆಂದರೆ ಸಮುದ್ರಮಟ್ಟದಲ್ಲಿ ಸೆಕೆಂಡಿಗೆ ಸುಮಾರು 5 ಲೀಟರ್, ಅಂದರೆ ನಿಮಿಷಕ್ಕೆ ಹತ್ತು ಹನ್ನೊಂದು ಘನ ಅಡಿ ಗಾಳಿ ಸಾಕು. 10,000 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಮುಕ್ಕಾಲು ಭಾಗಕ್ಕೆ ಇಳಿಯುವುದರಿಂದ ಇದಕ್ಕೆ ಮೂರನೆಯ ಒಂದು ಭಾಗವನ್ನು ಸೇರಿಸಿಕೊಳ್ಳಬೇಕು.

ಇಷ್ಟೇ ಆದರೆ ಕಂಪ್ಯೂಟರಿನ 80 ಮಿ.ಮೀ. ಫ್ಯಾನು ಧಾರಾಳವಾಯಿತಲ್ಲ ಎನ್ನಿಸುವುದು ಸಹಜ, ಏಕೆಂದರೆ ಅದರ ಪೆಟ್ಟಿಗೆಯ ಮೇಲೆ ನಿಮಿಷಕ್ಕೆ 30 ಘನ ಅಡಿ ಎಂದಿರುತ್ತದೆ. ಅದು ಎದುರಿಗೆ ಏನೂ ಇಲ್ಲದಾಗಿನ ಮಾತು. ರೇಡಿಯೋದ ಹಿಂಬದಿಗೆ ಗಾಳಿ ಒಯ್ಯುವ ಕೊಳವೆ ಅರ್ಧ ಇಂಚಿಗಿಂತ ತುಸು ಅಗಲ, ಸುಮಾರು 16 ಮಿ.ಮೀ. ಇರುತ್ತದೆ. ಮೂರು ಕೊಳವೆಗಳಲ್ಲಿ ಆ 5 ಲೀಟರ್ ಹಂಚಿದರೆ ಒಂದೊಂದರಲ್ಲೂ ಗಾಳಿ ಸೆಕೆಂಡಿಗೆ 8 ಮೀಟರ್ ಓಡಬೇಕು. ಆ ವೇಗಕ್ಕೇ ನೀರಿನ ಮಟ್ಟವನ್ನು 4 ಮಿ.ಮೀ. ಮೇಲೆತ್ತುವಷ್ಟು ಒತ್ತಡ ಬೇಕಾಗುತ್ತದೆ, ಕೊಳವೆಯ ಸುಕ್ಕು ಮತ್ತು ತಿರುವುಗಳ ತಡೆ ಇದಕ್ಕೆ ಹೊರತು. ಸಾಮಾನ್ಯ ಕಂಪ್ಯೂಟರ್ ಫ್ಯಾನಿನ ಗರಿಷ್ಠ ಒತ್ತಡ ಎರಡು ಮೂರು ಮಿಲಿಮೀಟರಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಆದ್ದರಿಂದ ಕೊಳವೆ ಇದ್ದರೆ ಹೆಚ್ಚು ಒತ್ತಡ ಕೊಡುವ, ಬಸವನಹುಳುವಿನ ಆಕಾರದ ಬ್ಲೋವರನ್ನೇ ಆರಿಸಿಕೊಳ್ಳುತ್ತೇನೆ, ಕೊಳವೆ ಇಲ್ಲದೆ ಬಿಸಿಗಾಳಿ ಹೊರಗೆಳೆಯುವುದಷ್ಟೇ ಆದರೆ ಚಪ್ಪಟೆ ಫ್ಯಾನು ಸಾಕು. ಹೊರಗಿನಿಂದ ನೇರವಾಗಿ ಗಾಳಿ ತಿರುಗಿಸುವ ಹಳೆಯ ಪದ್ಧತಿ ಬೇಡವೇ ಬೇಡ, ಮಳೆಯಲ್ಲಿ ಅದು ನೀರನ್ನೂ ರೇಡಿಯೋದೊಳಕ್ಕೆ ಕಳಿಸುತ್ತದೆ.

ವೋಲ್ಟೇಜಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 12 ವೋಲ್ಟಿನದೆಂದು ಕರೆಯುವ ವಿಮಾನದಲ್ಲಿ ಆಲ್ಟರ್ನೇಟರ್ ತಿರುಗುವಾಗ 14 ವೋಲ್ಟಿಗೂ ಮೇಲಿರುತ್ತದೆ, ಅಗ್ಗದ ಕೆಲವು ಫ್ಯಾನುಗಳ ಮಿತಿಯೋ 13.2. ಬಿಸಿಯಲ್ಲಿ ಎಣ್ಣೆ ಬೇಗ ಒಣಗುವ ಸ್ಲೀವ್ ಬೇರಿಂಗಿಗಿಂತ ಬಾಲ್ ಬೇರಿಂಗ್ ಲೇಸು.

ಬ್ರಷ್ ಇರುವ ಮೋಟಾರನ್ನು ದೂರವಿಡಿ. ವಿಮಾನದ ವಿಎಚ್‌ಎಫ್ ರೇಡಿಯೋ ಸಂಭಾಷಣೆ ಇಂದಿಗೂ ಎಎಂ, ಅಂದರೆ ಅಲೆಯ ಎತ್ತರವನ್ನು ಏರಿಳಿಸಿ ಮಾತು ಸಾಗಿಸುವ ಪದ್ಧತಿಯದಾದ್ದರಿಂದ ಬ್ರಷ್ಷಿನ ಕಿಡಿಯ ಸದ್ದು ನೇರವಾಗಿ ಕಿವಿಗೆ ಬೀಳುತ್ತದೆ. ಬ್ರಷ್‌ರಹಿತ ಫ್ಯಾನೂ ಪೂರ್ತಿ ಮೌನಿಯಲ್ಲ. ಒಬ್ಬ ಗ್ರಾಹಕರು ತಿಂಗಳುಗಟ್ಟಲೆ ಇಂಟರ್‌ಕಾಮನ್ನು ಬೈಯುತ್ತಿದ್ದರು. ಎಂಜಿನ್ ನಿಲ್ಲಿಸಿ, ಸ್ಕ್ವೆಲ್ಚ್ (ಮಾತಿಲ್ಲದಾಗ ಹಿನ್ನೆಲೆ ಸದ್ದನ್ನು ಅಡಗಿಸುವ ನಿಯಂತ್ರಣ) ತೆರೆದು, ಫ್ಯಾನಿನ ತಂತಿ ಕಿತ್ತು ಮತ್ತೆ ಸಿಕ್ಕಿಸಿ ತೋರಿಸಿದಾಗಲಷ್ಟೇ ಆ ಕಿರುಗುಟ್ಟುವಿಕೆಯ ಮೂಲ ಅವರಿಗೆ ತಿಳಿಯಿತು. ಎರಡು ತಂತಿಗಳನ್ನು ಹೆಣೆದು, ಫ್ಯಾನಿನ ಬಳಿಯಲ್ಲೇ ಕೆಪಾಸಿಟರ್ ಹಾಕಿ, ಗ್ರೌಂಡ್ ತಂತಿಯನ್ನು ಆಡಿಯೋದಿಂದ ಬೇರ್ಪಡಿಸಿದ ಮೇಲೆ ಸದ್ದು ನಿಂತಿತು. ಮೋಟಾರಿನಲ್ಲಿ ಕಾಂತವೂ ಇದೆ, ಆದ್ದರಿಂದ ತಿರುಪು ಬಿಗಿಯುವ ಮೊದಲು ಫ್ಯಾನನ್ನು ಕೈಯಲ್ಲಿ ಹಿಡಿದು, ದಿಕ್ಸೂಚಿಯ ಮುಳ್ಳು ಎಷ್ಟು ದೂರದಲ್ಲಿ ಅಲುಗುವುದು ನಿಲ್ಲುತ್ತದೆ ಎಂದು ನೋಡಿಕೊಳ್ಳಬೇಕು.

ಫ್ಯಾನಿಗೆ ಪ್ರತ್ಯೇಕ ಸ್ವಿಚ್ಚನ್ನು ನಾನು ಹಾಕುವುದಿಲ್ಲ, ಹಾಕಿದರೆ ಮರೆಯುತ್ತಾರೆ. ರೇಡಿಯೋಗಳು ಹೊತ್ತಿಕೊಂಡಾಗಲೇ ಅದೂ ತಿರುಗಲಿ. ಆದರೆ ಫ್ಯೂಸ್ ಮಾತ್ರ ಅದರದೇ ಆಗಿರಲಿ, ಏಕೆಂದರೆ ಹಾರಾಟದ ನಡುವೆ ಫ್ಯಾನು ಸಿಕ್ಕಿಕೊಂಡು ಫ್ಯೂಸ್ ಹಾರಿದರೂ ರೇಡಿಯೋ ನಡೆಯುತ್ತಿರಬೇಕು.