ದುಡ್ಡು ಕೊಟ್ಟು ಕೊಂಡ ಜಮೀನಿಗೆ ಜಗಳ ಯಾಕೆ ಬಂತು?

ಪ್ರಶ್ನೆ: ಇಸ್ರೇಲ್ ಹುಟ್ಟುವ ಮುಂಚೆ ಯಹೂದಿಗಳು ಪ್ಯಾಲೆಸ್ಟೈನ್‌ನಲ್ಲಿ ಜಮೀನನ್ನು ಹಣ ಕೊಟ್ಟೇ ಖರೀದಿಸಿದ್ದರಂತೆ. ಮಾರಿದವರೂ ಅರಬರೇ. ಹಾಗಿದ್ದ ಮೇಲೆ ತಕರಾರು ಎಲ್ಲಿಂದ ಬಂತು?

ಉತ್ತರ: ಖರೀದಿ ನಡೆದದ್ದು ನಿಜ, ಬಹುಪಾಲು ಕಾನೂನುಬದ್ಧವಾಗಿಯೇ ನಡೆಯಿತು. ಆದರೆ ಮಾರಿದವರು ಯಾರೋ, ಒಕ್ಕಲೆದ್ದು ಹೋದವರು ಇನ್ಯಾರೋ. ತಕರಾರಿನ ಒಂದು ದೊಡ್ಡ ಬೇರು ಅಲ್ಲಿದೆ.

1858ರಲ್ಲಿ, ಆಗ ಪ್ಯಾಲೆಸ್ಟೈನನ್ನು ಆಳುತ್ತಿದ್ದ ಒಟ್ಟೊಮನ್ (ತುರ್ಕಿ) ಸರ್ಕಾರ ಭೂ ಕಾಯ್ದೆ ತಂದು, ಜಮೀನುಗಳನ್ನು ವ್ಯಕ್ತಿಗಳ ಹೆಸರಿಗೆ ನೋಂದಾಯಿಸಲು ಹೊರಟಿತು. ಅಲ್ಲಿಯವರೆಗೆ ಬಹಳಷ್ಟು ಹಳ್ಳಿಗಳಲ್ಲಿ 'ಮುಶಾ' ಪದ್ಧತಿಯಿತ್ತು. ಹೊಲ ಇಡೀ ಊರಿಗೆ ಸೇರಿದ್ದು, ಮನೆತನಗಳು ತಮ್ಮ ಪಾಲನ್ನು ಕೆಲವು ವರ್ಷಕ್ಕೊಮ್ಮೆ ಮರುಹಂಚಿಕೊಂಡು ಉಳುತ್ತಿದ್ದವು. ಹೆಸರು ಬರೆಸಿದರೆ ತೆರಿಗೆ ಬೀಳುತ್ತದೆ, ಮಗನನ್ನು ಸೈನ್ಯಕ್ಕೆ ಎಳೆದೊಯ್ಯುತ್ತಾರೆ ಎಂಬ ಭಯಕ್ಕೆ ಎಷ್ಟೋ ರೈತರು ನೋಂದಣಿಗೇ ಹೋಗಲಿಲ್ಲ. ಕೆಲವರು ಪಟ್ಟಣದ ಪ್ರಭಾವಿಗಳ ಹೆಸರಿಗೆ ಬರೆಸಿದರು. ಸರ್ಕಾರವೂ ನೆಲ ಮಾರಿತು. ಬೈರೂತಿನ ಸುರ್ಸುಕ್ ಎಂಬ ಕ್ರೈಸ್ತ ವರ್ತಕ ಮನೆತನ 1870ರ ದಶಕದ ಹೊತ್ತಿಗೆ ಉತ್ತರ ಪ್ಯಾಲೆಸ್ಟೈನಿನ ಜೆಜ್ರೀಲ್ ಕಣಿವೆಯ ದೊಡ್ಡ ಭಾಗದ ಒಡೆತನ ಪಡೆದಿತ್ತು. ರೈತನಿಗೆ ಇದರಿಂದ ತಕ್ಷಣಕ್ಕೇನೂ ಆಗಲಿಲ್ಲ. ಒಡೆಯ ಬದಲಾದರೂ ಗೇಣಿ ಕೊಟ್ಟು ಅದೇ ಹೊಲ ಉಳುತ್ತಿದ್ದ.

ಜಿಯೋನಿಸ್ಟರ (ಪ್ಯಾಲೆಸ್ಟೈನ್‌ನಲ್ಲಿ ಯಹೂದಿ ನೆಲೆ ಕಟ್ಟಲು ಹೊರಟ ಚಳವಳಿಯವರ) ಖರೀದಿ ಮುರಿದದ್ದು ಈ ರೂಢಿಯನ್ನು. 1882ರಿಂದ ರಷ್ಯಾದ ಹತ್ಯಾಕಾಂಡಗಳಿಗೆ ಹೆದರಿ ಬಂದ ಮೊದಲ ವಲಸಿಗರು ಅರಬ್ ಕೂಲಿಗಳನ್ನು ಇಟ್ಟುಕೊಂಡೇ ಬೇಸಾಯ ಮಾಡಿದರು. 1886ರಲ್ಲಿ ಪೇತಾ ತಿಕ್ವಾ ಎಂಬ ಯಹೂದಿ ವಸಾಹತಿನಲ್ಲಿ ನೆರೆಹಳ್ಳಿಯ ಅರಬರೊಡನೆ ಹೊಡೆದಾಟವಾದದ್ದು ಹೊಲದ ಗಡಿ, ದನದ ಮೇವಿನಂಥ ಕಾರಣಕ್ಕೆ. ಆದರೆ ಜಮೀನು ಕೊಳ್ಳಲೆಂದು ಜಿಯೋನಿಸ್ಟರು 1901ರಲ್ಲಿ ಸ್ಥಾಪಿಸಿದ ಯಹೂದಿ ರಾಷ್ಟ್ರೀಯ ನಿಧಿಯ ಲೆಕ್ಕವೇ ಬೇರೆ. ಕೊಂಡ ನೆಲವನ್ನು ಮತ್ತೆ ಮಾರುವಂತಿಲ್ಲ, ಯಹೂದಿಗಳಿಗೆ 49 ವರ್ಷದ ಗುತ್ತಿಗೆಗಷ್ಟೇ ಕೊಡಬೇಕು. ಆ ಹೊಲದಲ್ಲಿ ದುಡಿಯುವವರೂ ಯಹೂದಿಗಳೇ ಆಗಿರಬೇಕು. ಅವರಿಗೂ ಕಾರಣವಿತ್ತು. ಕೂಲಿಯೆಲ್ಲ ಅರಬರ ಪಾಲಾದರೆ ಬರಿಗೈಲಿ ಬಂದ ವಲಸಿಗ ತಿನ್ನುವುದೇನು? ಆದರೂ ಅರಬ್ ಗೇಣಿದಾರನ ಕಡೆಯಿಂದ ನೋಡಿ: ಒಮ್ಮೆ ಮಾರಾಟವಾದ ನೆಲಕ್ಕೆ ಅವನಾಗಲಿ ಅವನ ಮಕ್ಕಳಾಗಲಿ ಗೇಣಿಗೂ ಇಲ್ಲ, ಕೂಲಿಗೂ ಇಲ್ಲ.

ಇದು ರಾಜಕೀಯ ಪ್ರಶ್ನೆಯಾಗಿ ಸ್ಫೋಟಿಸಿದ್ದು 1910-11ರಲ್ಲಿ, ಫೂಲಾ ಎಂಬ ಹಳ್ಳಿಯಲ್ಲಿ. ಸುರ್ಸುಕ್ ಮನೆತನ ಅದನ್ನು ಮಾರಿದಾಗ ನಜರೇತಿನ ಜಿಲ್ಲಾಧಿಕಾರಿ ಶುಕ್ರಿ ಅಲ್-ಅಸಲಿ ಹಸ್ತಾಂತರಕ್ಕೆ ಒಪ್ಪಲಿಲ್ಲ. ಮೇಲಧಿಕಾರಿಗಳು ಅವರನ್ನು ಮೀರಿ ನಡೆದರು, 1911ರಲ್ಲಿ ಅಲ್ಲಿ ಮೆರ್ಹಾವಿಯಾ ಎಂಬ ಯಹೂದಿ ವಸಾಹತು ಎದ್ದಿತು. ಅಸಲಿ ಪತ್ರಿಕೆಗಳಲ್ಲಿ ಬರೆದರು, ಆಮೇಲೆ ಒಟ್ಟೊಮನ್ ಸಂಸತ್ತಿನಲ್ಲೂ ಮಾತೆತ್ತಿದರು. ಪ್ಯಾಲೆಸ್ಟೈನ್‌ನಲ್ಲಿ ಯಹೂದಿ ನೆಲೆಗೆ ಬ್ರಿಟನ್ ಬೆಂಬಲ ಸಾರಿದ 1917ರ ಬಾಲ್ಫರ್ ಘೋಷಣೆಗೆ ಇನ್ನೂ ಆರು ವರ್ಷವಿತ್ತೆಂಬುದನ್ನು ಗಮನಿಸಿ. ಎಲ್ಲವೂ ಬ್ರಿಟಿಷರಿಂದಲೇ ಶುರುವಾಯಿತೆನ್ನುವವರು ಈ ಹಳ್ಳಿಯನ್ನು ಮರೆಯುತ್ತಾರೆ.

ಮೊದಲ ಮಹಾಯುದ್ಧದಲ್ಲಿ ಒಟ್ಟೊಮನ್ನರು ಸೋತ ಮೇಲೆ ಪ್ಯಾಲೆಸ್ಟೈನ್ ಬ್ರಿಟಿಷರ ಆಳ್ವಿಕೆಗೆ ಬಂತು. ಅವರು 1920ರಲ್ಲಿ ಮಾಡಿದ ಕಾನೂನಿನಲ್ಲಿ, ಜಮೀನು ಮಾರಿದರೂ ಗೇಣಿದಾರನಿಗೆ ಬದುಕುವಷ್ಟು ನೆಲ ಉಳಿಯಬೇಕು ಎಂದಿತ್ತು. ಪಾಲನೆಯಾಗಲಿಲ್ಲ. ಗೇಣಿದಾರರನ್ನು ಮೊದಲೇ ಬಿಡಿಸಿ ಖಾಲಿ ಜಮೀನು ಒಪ್ಪಿಸುವುದು ಕರಾರಿನ ಷರತ್ತಾಗುತ್ತಿತ್ತು. ಪರಿಹಾರವೆಂದು ಕೈಗೆ ಬಂದ ನಗದು ಬಹಳ ಸಲ ಹಳೇ ಸಾಲಕ್ಕೇ ಹೋಗುತ್ತಿತ್ತು. 1929ರಲ್ಲಿ ಕಾನೂನೇ ಭೂಮಿಯ ಬದಲು ಹಣ ಸಾಕೆಂದಿತು. ಅದೇ ವರ್ಷ ಕರಾವಳಿಯ ವಾದಿ ಹವಾರಿಸ್ ಎಂಬ ಪ್ರದೇಶದ ಸುಮಾರು 30,000 ದುನುಮ್ ಒಡೆಯರ ಸಾಲಕ್ಕಾಗಿ ಕೋರ್ಟ್ ಹರಾಜಿಗೆ ಬಂದು ನಿಧಿಯ ಪಾಲಾಯಿತು (1 ದುನುಮ್ 1,000 ಚದರ ಮೀಟರ್, ನಮ್ಮ ಸುಮಾರು 10 ಗುಂಟೆ). ಸಾಲ ಒಡೆಯರದು, ಒಕ್ಕಲೆದ್ದವರು ಗೇಣಿದಾರರು. ಬ್ರಿಟಿಷ್ ಸರ್ಕಾರವೇ ತರಿಸಿಕೊಂಡ 1930ರ ಹೋಪ್ ಸಿಂಪ್ಸನ್ ವರದಿ ನಿಧಿಯ ಗುತ್ತಿಗೆ ನಿಯಮವನ್ನು ಎತ್ತಿ ತೋರಿಸಿ ಟೀಕಿಸಿತು. ವಲಸೆಗೆ ಕಡಿವಾಣ ಹಾಕಲು ಹೊರಟ ಲಂಡನ್, 1931ರ ಫೆಬ್ರವರಿಯಲ್ಲಿ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಅವರ ಪತ್ರದ ಮೂಲಕ ಹಿಂದೆ ಸರಿಯಿತು.

1933ರ ನಂತರ ಎರಡೂ ಕಡೆಯ ಸಂಕಟ ಒಟ್ಟಿಗೇ ಏರಿತು. ಹಿಟ್ಲರನಿಂದ ತಪ್ಪಿಸಿಕೊಂಡು ಬರುವವರಿಗೆ ಅಮೆರಿಕದ ಬಾಗಿಲು 1924ರ ಕಾನೂನಿನಿಂದಲೇ ಬಹುತೇಕ ಮುಚ್ಚಿತ್ತು. 1935ರ ಒಂದೇ ವರ್ಷ 60,000ಕ್ಕೂ ಹೆಚ್ಚು ಯಹೂದಿಗಳು ಪ್ಯಾಲೆಸ್ಟೈನ್‌ಗೆ ಬಂದರು. ಮರುವರ್ಷ ಅರಬ್ ದಂಗೆ ಹೊತ್ತಿಕೊಂಡಿತು, 1939ರವರೆಗೂ ಉರಿಯಿತು. ಇಷ್ಟರ ನಡುವೆಯೂ ಪ್ಯಾಲೆಸ್ಟೈನಿನ ಗಣ್ಯರಲ್ಲೇ ಕೆಲವರು, ಸಾಲಕ್ಕೆ ಸಿಕ್ಕ ಸಣ್ಣ ರೈತರು ಕೂಡ, ಜಮೀನು ಮಾರುತ್ತಲೇ ಇದ್ದರು. ಇದನ್ನು ಮುಚ್ಚಿಡಬೇಕಿಲ್ಲ.

ಖರೀದಿಯ ವಾದ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದಕ್ಕೆ ಒಂದು ಅಂಕಿ ಸಾಕು. 1947ರ ಹೊತ್ತಿಗೆ ಯಹೂದಿಗಳು ಕೊಂಡಿದ್ದ ಜಮೀನು ದೇಶದ ಶೇ. 6-7ರಷ್ಟು. ಉಳಿದದ್ದೆಲ್ಲ ಅರಬರ ಖಾಸಗಿ ಆಸ್ತಿ ಎಂದೂ ಅರ್ಥವಲ್ಲ. ನೆಗೆವ್ ಮರುಭೂಮಿಯಂಥ ವಿಶಾಲ ಭಾಗಕ್ಕೆ ನೋಂದಣಿಯೇ ಇರಲಿಲ್ಲ. ವಿಶ್ವಸಂಸ್ಥೆಯ ವಿಭಜನೆ ಯೋಜನೆ ಯಹೂದಿ ರಾಷ್ಟ್ರಕ್ಕೆ ಸುಮಾರು ಶೇ. 55 ಕೊಟ್ಟಿತು, ಅದರಲ್ಲಿ ನೆಗೆವ್ ಭಾಗವೇ ದೊಡ್ಡದು. ಅರಬರು ತಿರಸ್ಕರಿಸಿದರು, ಯುದ್ಧವಾಯಿತು. 1949ರ ಕದನವಿರಾಮದ ರೇಖೆಗಳೊಳಗೆ ಇಸ್ರೇಲಿಗೆ ಬಂದದ್ದು ಸುಮಾರು ಶೇ. 78. ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ನಿರಾಶ್ರಿತರಾದರು. ಅವರ ಹೊಲ, ಮನೆಗಳನ್ನು 1950ರ ಗೈರುಹಾಜರಿ ಆಸ್ತಿ ಕಾಯ್ದೆ ಸರ್ಕಾರಿ ಪಾಲಕನ ವಶಕ್ಕೆ ಕೊಟ್ಟಿತು. ಊರು ಬಿಟ್ಟರೂ ಇಸ್ರೇಲಿನೊಳಗೇ ಉಳಿದು ಅಲ್ಲಿನ ಪ್ರಜೆಗಳಾದ ಅರಬರಲ್ಲಿ ಸಾವಿರಾರು ಮಂದಿಯೂ ಆ ಕಾಯ್ದೆಯ ಪ್ರಕಾರ ಗೈರುಹಾಜರಾದವರೇ.